ಬಲಗಿವಿ

ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ತಾರಿಖ್ ಮತ್ತೊಮ್ಮೆ ನಲ್ಲಿಯ ಉದ್ದನೆಯ ಹಿಡಿಯನ್ನು ಮೊಣಕೈಯಿಂದ ತಳ್ಳಿ, ಸೋಪಿನ ನೀರನ್ನು ಅಂಗೈಗೆ ಸುರಿದುಕೊಂಡು, ಗೋಡೆಗೆ ಅಂಟಿಸಿದ್ದ ಚಿತ್ರಗಳಲ್ಲಿ ತೋರಿಸಿದಂತೆಯೇ ಬೆರಳುಗಳ ನಡುವೆ, ಹೆಬ್ಬೆರಳಿನ ಸುತ್ತ, ಮಣಿಕಟ್ಟಿನವರೆಗೆ ಉಜ್ಜತೊಡಗಿದ. ಚಿತ್ರದ ಕೈಗಳು ನಯವಾಗಿದ್ದವು. ಯಾವ ಕೆಲಸವನ್ನೂ ಮಾಡಿ ಗೊತ್ತಿಲ್ಲದ ಕೈಗಳು. ನಮಾಜಿಗೆ ಮುಂಚೆ ವುಜೂ ಮಾಡುವಾಗಲೂ ಅವನು ಇಷ್ಟು ಹೊತ್ತು ಕೈ ತೊಳೆದವನಲ್ಲ. ಹಿಂದೆ ಯಾರೋ ಕೆಮ್ಮಿದರು. ಕೆಮ್ಮಿದ್ದು ತನಗೇ ಎಂದು ಗೊತ್ತಾಗಿ ಇನ್ನಷ್ಟು ಜೋರಾಗಿ ಉಜ್ಜಿದ. ಚರ್ಮ ಉರಿಯಿತು, ಉರಿದದ್ದು ಒಂದು ಥರ ಸಮಾಧಾನವೆನಿಸಿತು. ಹಸುಗೂಸುಗಳ ಐಸಿಯುವಿನ ಗಾಜಿನ ಬಾಗಿಲಲ್ಲಿ ಸಂಧ್ಯಾ ಸಿಸ್ಟರ್ ನಿಂತು, ಶಾಲೆಯ ಟೀಚರಿನ ಹಾಗೆ, ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡಿ ಒಳಗೆ ಬಿಡುತ್ತಿದ್ದರು.

"ಏನಣ್ಣ ಇದು? ಗ್ಯಾರೇಜಿಂದ ಸೀದಾ ಬಂದ್ಬಿಟ್ರಾ?"

"ಗ್ಯಾರೇಜಲ್ಲ ಸಿಸ್ಟರ್, ಸಿಎನ್‌ಸಿ ಮಿಷನ್ನು. ಅಂತರಸನಹಳ್ಳಿ ಫ್ಯಾಕ್ಟರೀಲಿ."

"ಯಾವ್ ಮಿಷನ್ನಾದ್ರೂ ಆಗ್ಲಿ, ಒಳಗಿರೋ ಮಕ್ಕಳಿಗೇನ್ ಗೊತ್ತಾಗುತ್ತೆ? ಹೋಗಿ, ಇನ್ನೊಂದ್ಸಲ ತೊಳ್ಕೊಂಡ್ಬನ್ನಿ. ನಾಳೆ ಉಗುರು ಕತ್ತರಿಸ್ಕೊಂಡೇ ಬರ್ಬೇಕು ನೋಡಿ."

ಸಾಲಿನಲ್ಲಿ ಯಾರೋ ನಕ್ಕರು. ಅವನೂ ನಕ್ಕ, ನಗದಿದ್ದರೆ ಅವಮಾನವಾದದ್ದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು. ನಾಳೆ ಎಂದಿದ್ದರು. ಈ ಬಾಗಿಲಿನ ಒಳಗೆ ಕೆಲಸ ಮಾಡುವವರು ಆ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ. ಮಗಳು ಹುಟ್ಟಿದಂದಿನಿಂದ ಅವನು ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಶಿಫ್ಟ್ ಇನ್‌ಚಾರ್ಜು ಕೆಲಸಕ್ಕೆ ಯಾವಾಗ ಬರ್ತೀಯೋ ಎಂದರೆ ನೋಡಣ ಸಾರ್ ಎನ್ನುತ್ತಿದ್ದ. ತಾನು ಸಂಜೆ ಹೊರಡುವಾಗ ಹೆಂಡತಿ ಮತ್ತೆ ಯಾವಾಗ ಬರ್ತೀರಿ ಎಂದರೆ ಬರ್ತೀನಿ ಎಂದಷ್ಟೇ ಹೇಳುತ್ತಿದ್ದ.

ಒಳಗೆ ಸೆಕೆ, ಮಂದ ಬೆಳಕು, ಯಾವುದೋ ದೊಡ್ಡ ಪ್ರಾಣಿಯ ಹೊಟ್ಟೆಯೊಳಗೆ ಇಳಿದಂತೆ. ಗಾಜಿನ ಪೆಟ್ಟಿಗೆಗಳು ಸಾಲಾಗಿದ್ದವು. ಅವನು ಈಗ ಮಗುವಿನ ಮುಖ ನೋಡುವ ಮೊದಲು ಪೆಟ್ಟಿಗೆಯ ಮೇಲಿನ ಚೀಟಿ ಓದುತ್ತಿದ್ದ. 'ಬೇಬಿ ಆಫ್ ಅಸ್ಫಿಯಾ, ಹೆಣ್ಣು.' ಓದಿ, ಹೌದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಣ್ಣು ಕೆಳಗಿಳಿಸುವುದು. ಮೊದಲ ದಿನ ಹಾಗೆ ಮಾಡಿರಲಿಲ್ಲ. ಮೊದಲ ದಿನ ಅಸ್ಫಿಯಾಳ ಬಿಪಿ ಏರಿ, ಕಣ್ಣು ಮಂಜಾಗಿ, ಏಳು ತಿಂಗಳಿಗೇ ಆಪರೇಷನ್ ಮಾಡಿ ಮಗುವನ್ನು ತೆಗೆದು, ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಯಾರೋ ಅವನೆದುರಿಗೇ ಓಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೋಗಿ ನೋಡಬಹುದು ಎಂದರು. ಅಷ್ಟರಲ್ಲಿ ಗುಬ್ಬಿಯಿಂದ ಅಮ್ಮಿಯ ಫೋನು: "ಮೊದಲು ಅಜಾನ್ ಬೇಟಾ. ಬಲಗಿವಿಗೆ ಅಜಾನ್, ಎಡಗಿವಿಗೆ ಇಖಾಮತ್. ಬೇರೆ ಯಾರ ಮಾತೂ ಅವಳ ಕಿವಿಗೆ ಬೀಳೋಕ್ಮುಂಚೆ." ಅವನು ಒಳಗೆ ಹೋದ. ಕಿಟಕಿಯ ಪಕ್ಕದ ಪೆಟ್ಟಿಗೆಯ ಮುಂದೆ ನಿಂತ. ಚೀಟಿ ಓದಲಿಲ್ಲ. ಅಲ್ಲಿ ಒಂದು ಕೂಸು ಮೂಗಿಗೆ ಕೊಳವೆ ಹಾಕಿಸಿಕೊಂಡು, ತನ್ನ ಅಳತೆಗೆ ಬಹಳ ದೊಡ್ಡದಾದ ಡೈಪರಿನೊಳಗೆ ಮುಳುಗಿ ಮಲಗಿತ್ತು. ಅವನು ಗುಂಡನೆಯ ಕಿಂಡಿಗೆ ಬಾಯಿ ತಂದು, ಅಳುತ್ತ, ಮಾಸ್ಕಿನೊಳಗೆ ಮೂಗು ಸುರಿಯುತ್ತ, ಅದರ ಬಲಗಿವಿಗೆ ಪೂರ್ತಿ ಅಜಾನ್ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. ಜೀವನದಲ್ಲಿ ಅಷ್ಟು ಮನಸ್ಸಿಟ್ಟು ಅವನು ಯಾವುದನ್ನೂ ಹೇಳಿರಲಿಲ್ಲ. ಮಗು ಕಣ್ಣು ಬಿಟ್ಟಿತು. ಬಿಟ್ಟು, ಅವನನ್ನಲ್ಲದಿದ್ದರೂ ಅವನಿದ್ದ ಕಡೆಗೆ ನೋಡಿತು.

"ಅಣ್ಣ, ನಿಮ್ದು ಆ ಪಕ್ಕದ್ದು. ಇದು ಹಾಗಲವಾಡಿಯವ್ರ್ದು, ಗಂಡ್ಮಗು," ಎಂದಿದ್ದರು ಸಂಧ್ಯಾ ಸಿಸ್ಟರ್, ಹಿಂದಿನಿಂದ.

ಆ ಪಕ್ಕದ್ದರ ಮುಂದೆ ಹೋಗಿ ನಿಂತಾಗ ಕಣ್ಣೀರು ಮುಗಿದಿತ್ತು, ಬಾಯಿ ಒಣಗಿತ್ತು. ತನ್ನ ಮಗಳು ಇನ್ನೂ ಚಿಕ್ಕವಳು, ಇನ್ನೂ ಕೆಂಪಗಿದ್ದಳು. ಕಿವಿಯೊಳಗೆ ಮೂಳೆಯೇ ಇಲ್ಲದಂತೆ ಅದು ಮಡಚಿಕೊಂಡಿತ್ತು; ಮಡಚಿದರೆ ಮಡಚಿದಂತೆಯೇ ಉಳಿಯುವ ಕಿವಿ, ಸಿಸ್ಟರು ಬೆರಳ ತುದಿಯಿಂದ ಬಿಡಿಸಿ ನೇರ ಮಾಡಬೇಕಾದ ಕಿವಿ. ಅವನು ಬಗ್ಗಿದ. ಅವೇ ಮಾತುಗಳನ್ನು ಮತ್ತೆ ತೆಗೆಯಬೇಕು. ಬೇರೆಯವರ ಮಗುವಿಗೆ ಉಣ್ಣಿಸಿದ ತಟ್ಟೆಯನ್ನೇ ತನ್ನ ಮಗಳ ಮುಂದೆ ಇಟ್ಟಂತೆ, ಎಂಜಲು ಎನ್ನಿಸಿತು. ಹಿಂದೆ ಸಿಸ್ಟರ್ ನಿಂತೇ ಇದ್ದರು, ನಗುತ್ತಿದ್ದರೋ ಇಲ್ಲವೋ ಮಾಸ್ಕಿನಲ್ಲಿ ಗೊತ್ತಾಗುವಂತಿರಲಿಲ್ಲ. ಅವನು ಸುಮ್ಮನೆ ತುಟಿ ಅಲ್ಲಾಡಿಸಿ ಹೊರಗೆ ಬಂದುಬಿಟ್ಟ. ಅಮ್ಮಿ ಮತ್ತೆ ಫೋನು ಮಾಡಿ ಆಯ್ತಾ ಎಂದು ಕೇಳಿದಾಗ ಆಯ್ತು ಎಂದ. ಸುಳ್ಳೇನಲ್ಲ. ಹೇಳಿದ್ದಂತೂ ಹೌದು. ಸಂಜೆಯ ಹೊತ್ತಿಗೆ ಅವಳು ಗುಬ್ಬಿಯ ಅವರ ಬೀದಿಗೆಲ್ಲ ಸಕ್ಕರೆ ಹಂಚಿ, ಕುಣಿಗಲ್ಲಿನ ಬೀಗರಿಗೆ ಸುದ್ದಿ ಮುಟ್ಟಿಸಿ, ನನ್ನ ಮಗನ ದನಿ ಮೊದಲು ಬಿತ್ತು ಮೊಮ್ಮಗಳ ಕಿವಿಗೆ ಎಂದು ಹೇಳಿಕೊಂಡಿದ್ದಳು.

ಇವತ್ತೂ ಅವನು ಬಗ್ಗಿದ. ಇವತ್ತೂ ಕಿಂಡಿಯೊಳಗೆ ಉಸಿರಷ್ಟೇ ಹೋಯಿತು. ಮಗಳ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಇಳಿದದ್ದು ಏಳುವುದನ್ನು ಮರೆಯುತ್ತಿತ್ತು. ಆಗ ತಲೆಯ ಮೇಲಿನ ಮಾನಿಟರಿನ ಪರದೆ ಕೂಗಿಕೊಳ್ಳುತ್ತಿತ್ತು. ಸಿಸ್ಟರ್ ಬಂದು, ಬೆರಳಿನಿಂದ ಅವಳ ಅಂಗಾಲಿಗೆ ಟಕ್ಕೆಂದು ತಟ್ಟಿ, "ಏಯ್ ಸೋಮಾರಿ, ಉಸಿರಾಡು," ಎಂದು ಹೋಗುತ್ತಿದ್ದರು, ಹಾಲು ಉಕ್ಕುವುದನ್ನು ನೋಡಿ ಒಲೆ ಸಣ್ಣ ಮಾಡಿ ಹೋದಷ್ಟೇ ಸಲೀಸಾಗಿ.

ಹೊರಗಿನ ಪಡಸಾಲೆಯಲ್ಲಿ ಕುರ್ಚಿಗಳಿದ್ದರೂ ದೊಡ್ಡಗಂಗಮ್ಮ ನೆಲದ ಮೇಲೆಯೇ, ಗೋಡೆಗೊರಗಿ, ಕಾಲು ಚಾಚಿ ಕೂತಿರುತ್ತಿದ್ದಳು. ಒಳಗೆ ತಂದೆತಾಯಿಯರಿಗೆ ಮಾತ್ರ ಪ್ರವೇಶ. ಅಜ್ಜಿಯರಿಗೆ ಗಾಜಿನ ಬಾಗಿಲೇ ಗತಿ. ಕಿಟಕಿಯ ಪಕ್ಕದ ಪೆಟ್ಟಿಗೆಯ ಮಗು ಅವಳ ಮಗಳ ಮಗು. ಅದು ಗೊತ್ತಾದ ದಿನದಿಂದ ಅವನು ಅವಳ ಕಣ್ಣು ತಪ್ಪಿಸುತ್ತಿದ್ದ, ಅವಳೋ ಅವನನ್ನು ಕಂಡ ಕೂಡಲೇ ಕರೆಯುತ್ತಿದ್ದಳು.

"ಬಾ ಸಾಬಣ್ಣ. ಹೆಂಗವ್ಳೆ ನಿನ್ ಮಗ್ಳು?"

"ಹಂಗೇ ಇದಾಳೆ ಅಜ್ಜಿ."

"ಹಂಗೇ ಅನ್ಬೇಕು. ಚೆನ್ನಾಗವ್ಳೆ ಅನ್ಬಾರ್ದು. ನಾನೂ ಅಷ್ಟೇಯ, ಯಾರ್ ಕೇಳಿದ್ರೂ ನಮ್ ತಿಪ್ಪ ಏನೋ ಬಿದ್ದವ್ನೆ ಅಂತೀನಿ."

"ತಿಪ್ಪ ಅಂತ ಹೆಸರಿಟ್ರಾ?"

"ಹೆಸ್ರಲ್ಲ ಕಣೋ ಅದು. ಹೆಸ್ರು ಮಡಗಕ್ಕೆ ಇನ್ನೂ ಟೈಮೈತೆ. ತಿಪ್ಪೆ ಮ್ಯಾಗಿನ ಕಸ, ಇದ್ಯಾರ್ಗೆ ಬೇಕು ಅಂದ್ಕಂಡು ಅವ್ನು ಹಂಗೇ ಮುಂದಕ್ಕೋಗ್ಲಿ ಅಂತ." ಅವ್ನು ಎನ್ನುವಾಗ ಯಮನ ಹೆಸರೆತ್ತದೆ, ಯಾರಿಗೂ ಕಾಣಬಾರದೆಂಬಂತೆ ಗಲ್ಲದಿಂದ ಬಾಗಿಲ ಕಡೆ ತೋರಿಸಿದಳು. "ನಮ್ಮವ್ವ ಮೂರ್ ಕೂಸು ಕಳ್ಕಂಡ್ ಮ್ಯಾಕೆ ನನ್ ತಮ್ಮುಂಗೆ ಹಂಗೇ ಕರೀತಿದ್ಲು. ಉಳ್ಕಂಡ. ಈಗ ಗುಬ್ಬೀಲಿ ಎಳ್ನೀರ್ ಯಾಪಾರ, ಹಿಂಗವ್ನೆ ದಪ್ಪ, ಬಸ್ನಲ್ಲಿ ಎಲ್ಡು ಸೀಟು ಬೇಕು." ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಿಂದು ಏಳ್ ತಿಂಗ್ಳುದ್ದು ಅಲ್ವಾ? ಏಳಾದ್ರೆ ಉಳೀತದೆ ಬುಡು. ಎಂಟಾದ್ರೇ ಕಷ್ಟ. ನಮ್ದೂವೆ ಏಳೇ."

"ಎಂಟಕ್ಕೆ ಬಿದ್ದಿತ್ತಲ್ಲ ಅತ್ತೆ," ಎಂದ ಕುರ್ಚಿಯಲ್ಲಿ ಫೋನು ನೋಡುತ್ತ ಕೂತಿದ್ದ ಅವಳ ಅಳಿಯ ಅಂಜನ್‌ಕುಮಾರ್.

"ನೀ ಸುಮ್ಕಿರಪ್ಪ. ಲೆಕ್ಕ ಹಾಕಿದ್ದು ನೀನಾ, ಹೆತ್ತೋಳಾ?"

ತಾರಿಖ್‌ಗೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಅಂಜನ್‌ಕುಮಾರನ ಹಣೆಯ ಕುಂಕುಮವನ್ನೂ ಅವನ ಕೈಯಲ್ಲಿ ಸದಾ ಬೆಳಗುತ್ತಿದ್ದ ಫೋನನ್ನೂ ಅವನು ನೋಡುತ್ತಿದ್ದ. ಗೊತ್ತಾದರೆ? ನಿನ್ನ ಮಗನ ಕಿವಿಗೆ, ತಂದೆಯಾದ ನೀನು ಇನ್ನೂ ಒಂದು ಮಾತು ಆಡುವ ಮೊದಲು, ನಾನು ಹೋಗಿ ಅಜಾನ್ ಹೇಳಿ ಬಂದಿದ್ದೇನೆ ಎಂದರೆ? ತಪ್ಪಿ ಹೇಳಿದೆ ಎಂದರೆ ಯಾರು ನಂಬುತ್ತಾರೆ? ಒಂದು ವಿಡಿಯೊ ಸಾಕು, ಆಸ್ಪತ್ರೆಯ ಮುಂದೆ ನೂರು ಜನ ಸೇರಲು. ಹೀಗೆ ಯೋಚಿಸುತ್ತಿದ್ದಾಗಲೇ ಅಂಜನ್‌ಕುಮಾರ್ ಎದ್ದು ಹೋಗಿ ಎರಡು ಟೀ ತಂದು ಒಂದನ್ನು ಅವನ ಕೈಗಿಟ್ಟ. "ಕುಡೀರಿ, ಮುಖ ನೋಡುದ್ರೆ ತಿಂಡಿ ತಿಂದಂಗಿಲ್ಲ ನೀವು." ಟೀ ಬಿಸಿಯಾಗಿತ್ತು. ತಾನು ಯೋಚಿಸಿದ್ದನ್ನು ಅವನು ಕೇಳಿಸಿಕೊಂಡುಬಿಟ್ಟಿದ್ದಾನೆ ಎಂಬಂತೆ ತಾರಿಖ್ ತಲೆ ತಗ್ಗಿಸಿ ಕುಡಿದ.

ಆದರೆ ನಿಜವಾದ ಭಯ ಅದಲ್ಲ. ಅದು ಗುಬ್ಬಿಯ ಖಬರಸ್ತಾನದಿಂದ ಬಂದದ್ದು. ದಾದಾ, ಅಪ್ಪನ ಅಪ್ಪ, ತೀರಿಕೊಂಡಾಗ ಅವನು ಹುಡುಗ. ಅಬ್ಬಾ ಮುಖ್ತಾರ್ ಅಹಮದ್ ಗುಬ್ಬಿಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಅವತ್ತೂ ಅವರ ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿಕೊಂಡೇ ಇತ್ತು. ಎಲ್ಲರೂ ಸಾಲಾಗಿ ನಿಂತು, ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ಮಾಡಿದ ಮೇಲೆ ಅವನು ಕೇಳಿದ್ದ, ಅಬ್ಬಾ, ಈ ನಮಾಜಿಗೆ ಯಾರೂ ಅಜಾನ್ ಕೂಗಲೇ ಇಲ್ಲವಲ್ಲ? ಅಬ್ಬಾ ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು, ಕೂಗಿ ಆಗಿದೆ ಬೇಟಾ, ಹುಟ್ಟಿದ ದಿನವೇ ಕಿವಿಯಲ್ಲಿ ಕೂಗಿ ಆಗಿರುತ್ತೆ, ಆ ಅಜಾನಿನ ನಮಾಜೇ ಇದು, ನಡುವೆ ಸಿಗೋ ಹೊತ್ತೇ ನಮ್ಮದು. ಸಮಾಧಾನಕ್ಕೆ ಹೇಳಿದ ಮಾತು. ಇಷ್ಟು ವರ್ಷ ಅದು ಎಲ್ಲಿ ಬಿದ್ದಿತ್ತೋ, ಮಗಳ ಪೆಟ್ಟಿಗೆಯ ಮುಂದೆ ಎರಡನೆಯ ಸಲ ಬಗ್ಗಿದಾಗ ಎದ್ದು ಕೂತಿತು. ಅಜಾನ್ ಹೇಳಿದರೆ ಆ ಹೊತ್ತು ಶುರುವಾಗುತ್ತದೆ. ಹೇಳದಿದ್ದರೆ? ಕೂಗೇ ಇಲ್ಲದ ಮೇಲೆ ಆ ಸಾವಿನ ನಮಾಜಿಗೆ ಜನ ಸೇರುವುದು ಹೇಗೆ? ಇದು ತಪ್ಪು ಎಂದು ಅವನಿಗೆ ಗೊತ್ತಿತ್ತು. ಯಾವ ಮೌಲ್ವಿಯನ್ನು ಕೇಳಿದರೂ ಬೈಯುತ್ತಾರೆ. ದೊಡ್ಡಗಂಗಮ್ಮನ ತಿಪ್ಪನನ್ನು ಕೇಳಿ ಮನಸ್ಸಿನಲ್ಲೇ ನಕ್ಕವನು ತಾನು. ಆದರೂ ಪ್ರತಿದಿನ ಬಗ್ಗಿದಾಗ ತುಟಿ ಬಿಗಿದುಕೊಳ್ಳುತ್ತಿದ್ದ. ಇಷ್ಟು ಉಸಿರಾಡುತ್ತಿದ್ದಾಳಲ್ಲ, ಇದು ನಾನು ಬಾಯಿ ಮುಚ್ಚಿಕೊಂಡಿರುವುದಕ್ಕೇ ಇರಬೇಕು ಎನ್ನಿಸುತ್ತಿತ್ತು. ಮೊಮ್ಮಗಳಿಗೆಂದು ಅಬ್ಬಾ ಬೂರುಗದ ಹತ್ತಿಯಲ್ಲಿ ಅಂಗೈಯಗಲದ ಒಂದು ದಿಂಬು ಹೊಲಿದು ಕಳಿಸಿದ್ದರು. ಹತ್ತಿ ಒಳಗೆ ಬಿಡಲ್ಲ ಎಂದಿದ್ದರು ಸಿಸ್ಟರ್. ಅದು ಬೈಕಿನ ಬಾಕ್ಸಿನಲ್ಲಿ ಸ್ಪ್ಯಾನರುಗಳ ಜೊತೆ ಇತ್ತು.

ಕೆಳಗಿನ ಮಹಡಿಯ ವಾರ್ಡಿನಲ್ಲಿ ಅಸ್ಫಿಯಾ ಎಡಮಗ್ಗುಲಿಗೆ ಮಲಗಿದ್ದಳು. ತೋಳಿನ ಬಿಪಿ ಪಟ್ಟಿ ಆಗಾಗ ತಾನಾಗಿಯೇ ಉಬ್ಬಿ ಅವಳನ್ನು ಹಿಂಡಿ ಬಿಡುತ್ತಿತ್ತು. ಪಾದಗಳು ಊದಿಕೊಂಡು ಬೇರೆ ಯಾರದೋ ಪಾದಗಳ ಹಾಗೆ ಹೊದಿಕೆಯಿಂದ ಹೊರಗೆ ಬಂದಿದ್ದವು. ಮೊದಲ ಹೆರಿಗೆಗೆಂದು ಕುಣಿಗಲ್ಲಿನ ತವರಿಗೆ ಹೋದವಳನ್ನು, ಶೆಟ್ಟಿಹಳ್ಳಿಯಲ್ಲಿ ನೋಡಿದ್ದ ಬಾಡಿಗೆ ಮನೆ ತೋರಿಸುತ್ತೇನೆ ಎಂದು ಬೈಕಿನಲ್ಲಿ ಕೂರಿಸಿಕೊಂಡು ಬಂದದ್ದು ಅವನೇ. ಬೈಕಿನಿಂದಲ್ಲಪ್ಪ, ಬಿಪಿಯಿಂದ ಆದದ್ದು ಎಂದು ಡಾಕ್ಟರು ಎಷ್ಟು ಹೇಳಿದರೂ, ಕಣ್ಣು ಮುಚ್ಚಿದರೆ ಆ ರಸ್ತೆಯ ಹಂಪುಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಒಂದೊಂದಕ್ಕೂ ಅವಳು ಅವನ ಸೊಂಟ ಹಿಡಿದು, ನಿಧಾನ ನಿಧಾನ ಎಂದು ನಗುತ್ತಿದ್ದಳು.

"ಸಿದ್ರಾ ಏನ್ ಮಾಡ್ತಿದ್ಲು?" ಎಂದಳು. ಆ ಹೆಸರನ್ನು ಇಟ್ಟದ್ದು ಅವಳು, ಆಡುತ್ತಿದ್ದದ್ದೂ ಅವಳೊಬ್ಬಳೇ.

"ಮಲಗಿದ್ಲು."

"ಇನ್ನೊಂದ್ಸಲ ಹೇಳಿ. ಅಜಾನ್ ಹೇಳ್ದಾಗ ಏನ್ ಮಾಡಿದ್ಲು?"

"ಎಷ್ಟ್ ಸಲ ಹೇಳೋದು? ಕಣ್ ಬಿಟ್ಲು."

"ನಿಮ್ಮನ್ನೇ ನೋಡಿದ್ಲಾ?"

"ನನ್ ಕಡೆ ನೋಡಿದ್ಲು."

"ಹೆದರ್ಕೊಂಡಿರ್ಬೇಕು ಪಾಪ. ನಿಮ್ ದನಿಗೆ ನಮ್ಮನೆ ಆಡೇ ಬೆಚ್ಚಿಬೀಳುತ್ತೆ." ನಕ್ಕಳು, ಹೊಲಿಗೆ ಎಳೆದು ಮುಖ ಹಿಂಡಿಕೊಂಡಳು. ಆಮೇಲೆ, "ಕಣ್ಣು ಯಾರ ಥರ?"

ಮಗಳು ಕಣ್ಣು ಬಿಟ್ಟಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. "ಇನ್ನೂ ಗೊತ್ತಾಗಲ್ಲ," ಎಂದ. ಹಾಗಲವಾಡಿಯ ಆ ಗಂಡುಮಗುವಿನ ಕಣ್ಣುಗಳನ್ನು ಕಿತ್ತು ತಂದು ತನ್ನ ಮಗಳ ಮುಖಕ್ಕೆ ಅಂಟಿಸಿದ್ದೇನೆ ಎನ್ನಿಸಿತು.

"ನಂಗೆ ಅಷ್ಟು ಸಾಕು," ಎಂದಳು ಅಸ್ಫಿಯಾ, ಕಣ್ಣು ಮುಚ್ಚಿಕೊಂಡು. "ನಾನಂತೂ ಅವಳನ್ನ ಮುಟ್ಟಿಲ್ಲ. ಏನೇ ಆದ್ರೂ ನಿಮ್ಮ ದನಿಯಾದ್ರೂ ಕೇಳಿದಾಳಲ್ಲ. ಅದನ್ನ ನೆನೆಸ್ಕೊಂಡೇ ನಿದ್ದೆ ಮಾಡ್ತೀನಿ." ಬಿಪಿ ಪಟ್ಟಿ ಉಬ್ಬತೊಡಗಿತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಯಂತ್ರದ ಅಂಕಿ ಏರುತ್ತಿತ್ತು. ಅವಳು ಮಲಗಲಿ ಎಂದುಕೊಂಡ.

ಮೆಟ್ಟಿಲ ಹತ್ತಿರ ಡಾಕ್ಟರ್ ನಾಗಭೂಷಣ್ ತಡೆದು ನಿಲ್ಲಿಸಿದರು. "ತಾಯಿ ಬಿಪಿ ಇನ್ನೂ ಹಿಡಿತಕ್ಕೆ ಬಂದಿಲ್ಲ, ಅವರಿಗೆ ಮೇಲೆ ಬರೋಕಾಗಲ್ಲ. ನೀವೇ ಕೂತ್ಕೋಬೇಕು. ಶರ್ಟ್ ಬಿಚ್ಚಿ, ಎದೆ ಮೇಲೆ ಮಗು ಹಾಕ್ಕೊಂಡು, ಕಾಂಗರೂ ಥರ. ನಿಮ್ಮ ಬಿಸಿ, ನಿಮ್ಮ ಉಸಿರು, ನಿಮ್ಮ ದನಿ ಸಿಕ್ಕಿದ್ರೆ ಅವಳು ಉಸಿರು ಮರೆಯೋದು ಕಮ್ಮಿಯಾಗುತ್ತೆ. ಮಧ್ಯಾಹ್ನವೇ ಶುರು ಮಾಡೋಣ್ವಾ?"

"ಇವತ್ತು ಶಿಫ್ಟಿದೆ ಸಾರ್. ಹೋಗ್ಲೇಬೇಕು," ಎಂದ. ಶಿಫ್ಟ್ ಇರಲಿಲ್ಲ. ಡಾಕ್ಟರು ಅವನ ಮುಖ ನೋಡಿದರು. ಇಂಥ ತಂದೆಯರನ್ನು ಬಹಳ ನೋಡಿದ್ದೇನೆ ಎಂಬಂತಿತ್ತು ಆ ನೋಟ. ಮೆಟ್ಟಿಲು ಹತ್ತಿ ಹೋದರು. ಕಾರ್ಖಾನೆಯಲ್ಲಿ, ರಜೆಯಲ್ಲಿದ್ದವನು ಕೆಲಸಕ್ಕೆ ಬಂದದ್ದು ಕಂಡು ಇನ್‌ಚಾರ್ಜು ಬೆನ್ನು ತಟ್ಟಿ, ಮಗು ಪರವಾಗಿಲ್ವಾ ಹಾಗಾದ್ರೆ, ಸ್ವೀಟೆಲ್ಲೋ ಎಂದ. ಇಡೀ ಮಧ್ಯಾಹ್ನ ತಾರಿಖ್ ಮಿಷನ್ನಿನ ಗಾಜಿನ ಬಾಗಿಲ ಮುಂದೆ ನಿಂತ. ಒಳಗೆ ಬಿಸಿ ತಣಿಸುವ ಬಿಳಿ ಕೂಲೆಂಟು ಸುರಿಯುತ್ತಿತ್ತು, ಕಬ್ಬಿಣ ತಿರುಗುತ್ತಿತ್ತು. ಇಲ್ಲೂ ಗಾಜಿನ ಪೆಟ್ಟಿಗೆ, ಇಲ್ಲೂ ಕೂಗಿಕೊಳ್ಳುವ ದೀಪ. ಟೂಲ್ ಸವೆದು ಅಲಾರಾಂ ಬಡಿದಾಗ ಅವನು ತನಗರಿಯದೆ ಗಾಜಿನ ಮೇಲೆ ಬೆರಳಿನಿಂದ ಟಕ್ಕೆಂದು ತಟ್ಟಿದ. ಪಕ್ಕದ ಮಿಷನ್ನಿನವನು, "ಏನ್ಲಾ, ಕೆಡ್ತಾ ತಲೆ?" ಎಂದ.

ಹೊತ್ತು ಇಳಿಯುವ ಮೊದಲೇ ತಡೆಯಲಾರದೆ ಆಸ್ಪತ್ರೆಗೆ ಓಡಿಬಂದ. ಗೇಟಿನ ಪಕ್ಕ ಒಂದು ಓಮ್ನಿ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಅಂಜನ್‌ಕುಮಾರ್ ಬಿಳಿ ಟವೆಲಿನ ಒಂದು ಸಣ್ಣ ಗಂಟನ್ನು, ಒಳಗೆ ಇರುವುದು ಅಲ್ಲಾಡಿಬಿಡುತ್ತದೆ ಎಂಬಂತೆ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಫೋನು ಜೇಬಿನಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲು ಕೈ ಖಾಲಿಯಿರಲಿಲ್ಲ. ತಾರಿಖ್ ನಿಂತಲ್ಲೇ ನಿಂತ. ಅಜಾನ್ ಹೇಳಿಸಿಕೊಂಡ ಮಗು. ಅವನು ಅಜಾನ್ ಹೇಳಿದ ಒಂದೇ ಒಂದು ಮಗು. ಲೆಕ್ಕ ಎಷ್ಟು ಸರಿಯಾಗಿ ಮುಗಿಯಿತು ಎಂಬ ಯೋಚನೆ ಬಂದು, ಅದರ ಹಿಂದೆಯೇ, ಸದ್ಯ, ನನ್ನ ಮಗಳಲ್ಲ ಎಂಬ ಇನ್ನೊಂದು ಯೋಚನೆ ಬಂತು. ಅದು ಬಂದದ್ದಕ್ಕೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ದೊಡ್ಡಗಂಗಮ್ಮ ಗೇಟಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಅಳುವಿನಲ್ಲಿ ಶಬ್ದವಿರಲಿಲ್ಲ, ಬರೀ ಮಾತಿತ್ತು. "ತಿಪ್ಪ ತಿಪ್ಪ ಅಂದೆ ಕಣಪ್ಪ. ಬಾಯ್ತುಂಬ ಒಂದ್ ಒಳ್ಳೆ ಮಾತು ಅನ್ನಿಲ್ಲ. ಕಿವಿ ಮ್ಯಾಲೆ ಒಂದ್ ಒಳ್ಳೆ ಮಾತ್ ಬೀಳ್ದಂಗೇ ಹೊಂಟೋಯ್ತು. ಕಸ ಅನ್ನುಸ್ಕಂಡೇ ಹೊಂಟೋಯ್ತು ನನ್ ಕೂಸು."

ಅವನಿಗೆ ಅಲ್ಲಿಂದ ಓಡಬೇಕೆನಿಸಿತು. ಆದರೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಬಿದ್ದಿದೆ ಅಜ್ಜಿ," ಎಂದ. "ನಾನು ಹೇಳಿದೀನಿ. ಮೊದಲ್ನೇ ದಿನ. ನನ್ ಮಗಳು ಅಂದ್ಕೊಂಡು, ತಪ್ಪಿ. ನಮ್ಮೋರು ಹುಟ್ಟಿದ ಮಗೂಗೆ ಹೇಳ್ತೀವಲ್ಲ, ಅದು. ಪೂರ್ತಿ ಹೇಳ್ದೆ. ತಪ್ಪಾಯ್ತು."

ದೊಡ್ಡಗಂಗಮ್ಮ ಅಳು ನಿಲ್ಲಿಸಿ ಅವನನ್ನು ನೋಡಿದಳು. ಅವಳ ಹಿಂದೆ ಅಂಜನ್‌ಕುಮಾರನೂ ತಿರುಗಿದ. ಈಗ ಆಗುತ್ತದೆ ಎಂದುಕೊಂಡ ತಾರಿಖ್. ಏನಾಗುತ್ತದೆಯೋ ಅದು ಈಗ.

"ಏನಂತ ಹೇಳ್ದೆ?"

"ದೇವರು ದೊಡ್ಡವನು ಅಂತ. ಬನ್ನಿ, ಒಳ್ಳೇದಕ್ಕೆ ಬನ್ನಿ ಅಂತ ಕರೆಯೋದು."

"ಅದ್ಕೆ ಕೇಳುಸ್ತಾ?"

"ಕಣ್ ಬಿಡ್ತು ಅಜ್ಜಿ. ನನ್ ಕಡೆ ನೋಡ್ತು."

"ಕಣ್ ಬುಟ್ಟಿತ್ತಾ?" ಅವಳು ಅವನ ಮಣಿಕಟ್ಟನ್ನು ಹಿಡಿದಳು. ನೋವಾಗುವಷ್ಟು ಬಿಗಿಯಾಗಿ. "ನಾ ನೋಡ್ದಾಗೆಲ್ಲ ನೀಲಿ ಲೈಟ್ ಹಾಕಿ ಕಣ್ಗೆ ಬಟ್ಟೆ ಕಟ್ಟಿದ್ರು. ಹೆಂಗಿತ್ತೋ ಕಣ್ಣು?"

"ಕಪ್ಪಗೆ. ದೊಡ್ಡದಾಗಿತ್ತು. ರೆಪ್ಪೆಗೂದ್ಲು ಇನ್ನೂ ಕಾಣ್ತಿರ್ಲಿಲ್ಲ." ನೋಡಿದ್ದನ್ನೇ ಹೇಳಿದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ನಿಜ ಹೊರಡುತ್ತಿತ್ತು.

ಅಂಜನ್‌ಕುಮಾರ್ ಗಂಟನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. ಕ್ಷಮಿಸಿದನೋ, ಸಿಟ್ಟಾದನೋ, ಕೇಳಿಸಿಕೊಂಡನೋ ಇಲ್ಲವೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ. "ಹತ್ತಿ ಅತ್ತೆ, ಹೊತ್ತಾಯ್ತು," ಎಂದ. ದೊಡ್ಡಗಂಗಮ್ಮ ಎದ್ದು, ಓಮ್ನಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿದಳು. "ನಿನ್ ಮಗ್ಳಿಗೂ ಹೇಳ್ದ್ಯಾ?"

ಅವನು ಉಗುರಿನ ಕಪ್ಪನ್ನು ನೋಡಿಕೊಂಡ.

"ಇನ್ನೂ ಹೇಳಿಲ್ವಾ? ಥೂ, ಮಂಕೆ."

ಮರುದಿನ ಬೆಳಿಗ್ಗೆ ಅವನು ಉಗುರು ಕತ್ತರಿಸಿಕೊಂಡು ಬಂದ. ಸಂಧ್ಯಾ ಸಿಸ್ಟರ್ ಕೈ ತಿರುಗಿಸಿ ನೋಡಿ ಒಳಗೆ ಬಿಟ್ಟರು. ಕಿಟಕಿಯ ಪಕ್ಕದ ಪೆಟ್ಟಿಗೆ ಖಾಲಿಯಿತ್ತು, ಯಾರೋ ಅದನ್ನು ಔಷಧಿಯ ವಾಸನೆಯ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಟ್ಟೆಯ ತೆರೆಯ ಹಿಂದೆ ಕುರ್ಚಿಯಲ್ಲಿ ಕೂತು ಶರ್ಟು ಬಿಚ್ಚುವಾಗ ತನ್ನ ಎದೆಯ ಕೂದಲು, ಹೊಟ್ಟೆ, ಕೂಲೆಂಟಿನಿಂದ ಎದ್ದ ಕೆಂಪು ಕಲೆಗಳು ಎಲ್ಲವೂ ಅಸಹ್ಯವೆನಿಸಿದವು. ಸಿಸ್ಟರ್ ಅದು ಯಾವುದನ್ನೂ ನೋಡದೆ, ವೈರುಗಳ ಸಮೇತ ಮಗಳನ್ನು ಎತ್ತಿ ತಂದು, ಕಪ್ಪೆಯ ಹಾಗೆ ಕಾಲು ಮಡಚಿ, ಅವನ ಎದೆಯ ಮೇಲೆ ಇಟ್ಟು, ಬಟ್ಟೆಯಿಂದ ಸುತ್ತಿ ಕಟ್ಟಿದರು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮಡಚಿಕೊಂಡಿದ್ದ ಕಿವಿಯನ್ನು ಬೆರಳ ತುದಿಯಿಂದ ಬಿಡಿಸಿದರು. "ಕತ್ತು ಬಗ್ಗಬಾರ್ದು, ಮೂಗು ಮುಚ್ಚಬಾರ್ದು. ಅಷ್ಟೇ. ನೀವು ಮೊದಲು ಉಸಿರಾಡಿ ಅಣ್ಣ, ನೀವೇ ಮರ್ತುಬಿಟ್ಟಿದೀರ."

ತೂಕವೇ ಇರಲಿಲ್ಲ. ಬಿಸಿ ಇತ್ತು ಅಷ್ಟೆ. ಎದೆಯ ಮೇಲೆ ಯಾರೋ ಊದಿ ಬಿಟ್ಟಷ್ಟು ಬಿಸಿ. ಅವಳ ಎಡಗಿವಿ ಅವನ ಎದೆಗೆ ಒತ್ತಿಕೊಂಡಿತ್ತು, ಬಲಗಿವಿ ಮೇಲೆ ಅವನ ಗಲ್ಲದ ಕೆಳಗೇ ಇತ್ತು. ಕೆಳಗಿನ ಕಿವಿಗೆ ಅವನ ಎದೆಬಡಿತ ಕೇಳುತ್ತಿರಬೇಕು. ಎಷ್ಟು ಹೆದರಿದ್ದಾನೆ ನಮ್ಮಪ್ಪ ಎಂದು ಅವಳಿಗೆ ಗೊತ್ತಾಗುತ್ತಿರಬೇಕು. ಅವನು ಪರದೆಯ ಮೇಲಿನ ಆಮ್ಲಜನಕದ ಅಂಕಿಯನ್ನೇ ನೋಡುತ್ತ ಕೂತ. ಅಂಕಿ ಒಂದು ಕೆಳಗಿಳಿಯಿತು. ಇನ್ನೊಂದು. ಎದೆಯ ಮೇಲಿನ ಆ ಸಣ್ಣ ಏರಿಳಿತ ನಿಂತದ್ದು ಪರದೆ ಕೂಗುವ ಮೊದಲೇ ಅವನ ಚರ್ಮಕ್ಕೆ ತಿಳಿಯಿತು. ಆಮೇಲೆ ಅದು ಕೂಗಿತು.

"ಸಿಸ್ಟರ್!"

ಅವರು ಆಚೆ ಇನ್ನೊಂದು ಮಗುವಿಗೆ ಸೂಜಿ ಹಾಕುತ್ತಿದ್ದರು, ಕೈ ಬಿಡುವಂತಿರಲಿಲ್ಲ. "ತಟ್ಟಿ, ಅಂಗಾಲು ತಟ್ಟಿ! ಮಾತಾಡ್ಸಿ ಅವಳನ್ನ, ಬಂದೆ!"

ಬೆರಳು ಬಟ್ಟೆಯೊಳಗೆ ತೂರಿ ಅಂಗಾಲು ಹುಡುಕಿತು. ತಟ್ಟಿದ. ಏನೂ ಇಲ್ಲ. ಮಾತಾಡಿಸಿ ಎಂದರೆ ಏನು ಮಾತಾಡುವುದು? ಇಷ್ಟು ದಿನ ಅವಳಿಗೆ ಒಂದು ಮಾತನ್ನೂ ಆಡದವನ ಬಾಯಲ್ಲಿ ಇದ್ದದ್ದು ಅದೊಂದೇ, ಹಲ್ಲಿನ ಹಿಂದೆ ಒತ್ತಿ ಹಿಡಿದಿದ್ದದ್ದು. ಅಲ್ಲಾಹು ಅಕ್ಬರ್ ಎಂದ. ದನಿ ಒಡೆದು, ಸೀಳಿ, ಯಾವ ಮಸೀದಿಯಲ್ಲೂ ಯಾರೂ ಕೂಗದ ಹಾಗೆ ಬಂತು. ಇನ್ನೊಮ್ಮೆ ತಟ್ಟಿ ಇನ್ನೊಮ್ಮೆ ಎಂದ. ಎದೆಯ ಮೇಲೆ ಏನೋ ಜಿಗಿದಂತಾಯಿತು. ಒಂದು ಬಿಕ್ಕಳಿಕೆ, ಒಂದು ಸಣ್ಣ ಸಿಟ್ಟಿನ ಶಬ್ದ, ಆಮೇಲೆ ಉಸಿರು. ಅಂಕಿ ಏರತೊಡಗಿತು. ಸಾಕು, ಇಲ್ಲಿಗೇ ನಿಲ್ಲಿಸಬಹುದು ಎಂದ ಖಬರಸ್ತಾನದಲ್ಲಿ ನಿಂತಿದ್ದ ಅವನೊಳಗಿನ ಹುಡುಗ, ಅರ್ಧ ಕೂಗಿದರೆ ಲೆಕ್ಕಕ್ಕಿಲ್ಲ. ಕೆಳಗಿನ ಮಹಡಿಯಲ್ಲಿ ಅಸ್ಫಿಯಾ ಆ ದನಿಯನ್ನು ನಂಬಿ ಮಲಗಿದ್ದಳು. ಪಕ್ಕದ ಖಾಲಿ ಪೆಟ್ಟಿಗೆಯ ಗಾಜು ಇನ್ನೂ ಒದ್ದೆಯಾಗಿತ್ತು. ಅವನು ನಿಲ್ಲಿಸಲಿಲ್ಲ. ಪಿಸುಮಾತಿಗೆ ಇಳಿದು, ಒಂದೊಂದೇ ಮಾತನ್ನು ಆ ಮೂಳೆಯಿಲ್ಲದ ಕಿವಿಯೊಳಗೆ ಇಡುತ್ತ ಹೋದ. ಬನ್ನಿ ಎನ್ನುವ ಕಡೆ ತಡವರಿಸಿದ. ಎಲ್ಲಿಗೆ ಕರೆಯುತ್ತಿದ್ದೇನೆ ಇವಳನ್ನು? ಆದರೂ ಕರೆದ. ಕೊನೆಯ ಮಾತಿನವರೆಗೂ ಹೇಳಿದ. ಅವಳು ಕಣ್ಣು ಬಿಡಲಿಲ್ಲ. ಅವನ ಎದೆಯ ಕೂದಲನ್ನು ಒಂದು ಮುಷ್ಟಿಯಲ್ಲಿ ಹಿಡಿದುಕೊಂಡಳು ಅಷ್ಟೆ.

ಸಂಧ್ಯಾ ಸಿಸ್ಟರ್ ಬಂದು ಅಲಾರಾಂ ಆರಿಸಿ, ಬಗ್ಗಿ ನೋಡಿ, "ಬಂದ್ಲು ನೋಡಿ, ನಾಟಕದವ್ಳು," ಎಂದರು. "ಏನ್ ಹೆಸರಿಟ್ಟಿದೀರಿ ಇವ್ಳಿಗೆ?"

"ಸಿದ್ರಾ," ಎಂದ. ಬಾಯಿಗೆ ಹೊಸ ಮಾತು.

ಈಗ ಎಡಗಿವಿಗೆ ಇಖಾಮತ್ ಹೇಳಬೇಕು. ನಮಾಜು ಶುರುವಾಗುವುದಕ್ಕೆ ಮುಂಚಿನ, ಸಾಲಿನಲ್ಲಿ ನಿಲ್ಲಿ ಎನ್ನುವ ಕೂಗು. ಆ ಕಿವಿ ಅವನ ಎದೆಗೆ ಒತ್ತಿಕೊಂಡಿತ್ತು.

"ಸಿಸ್ಟರ್, ಇವಳನ್ನ ಆ ಕಡೆಗೆ ತಿರುಗಿಸಿ ಮಲಗಿಸ್ಬಹುದಾ?"

"ಈಗ ಬೇಡಣ್ಣ, ಪಾಪ, ಈಗ್ತಾನೆ ಸುಧಾರಿಸ್ಕೊಂಡಿದಾಳೆ. ನಾಳೆ ಆ ಕಡೆ ಹಾಕೋಣ."

ಅಂಕಿ ಒಂದು ಇಳಿಯಿತು, ನಿಂತಿತು, ಮತ್ತೆ ಏರಿತು. ಅವನು ಬೆರಳನ್ನು ಅಂಗಾಲಿನಿಂದ ತೆಗೆಯಲಿಲ್ಲ.

"ಆಯ್ತು ಸಿಸ್ಟರ್," ಎಂದ. ಆಮೇಲೆ, ಎಡವಿ ಬೀಳುವವನ ಹಾಗೆ, "ನಾಳೆ," ಎಂದ.